ಗೌಡರ ಮೊಳ, ಇಪ್ಪತ್ತೈದೂವರೆ ಅಡಿ ಗರ್ಡರು

ಹೊಸಮನೆ, ಶಿವಮೊಗ್ಗ
೧೨–೯–೧೯೪೩

ಚಿರಂಜೀವಿ ಕೊಟ್ರಬಸಪ್ಪನಿಗೆ ತಂದೆ ಉಜ್ಜನಪ್ಪನ ಆಶೀರ್ವಾದಗಳು.

ನೀನು ಮನೆ ಬಿಟ್ಟು ಭದ್ರಾವತಿಯ ಉಕ್ಕಿನ ಕಾರ್ಖಾನೆ ಸೇರಿದ ಮೂರು ವರ್ಷದಲ್ಲಿ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಕ್ಷೇಮ ಸಮಾಚಾರದಿಂದ ಶುರು ಮಾಡಿದರೆ ಇಬ್ಬರಿಗೂ ಮುಜುಗರ. ಲೆಕ್ಕದಿಂದ ಶುರು ಮಾಡುತ್ತೇನೆ.

ಇಲ್ಲಿಯ ಇಂಟರ್‌ಮೀಡಿಯೆಟ್ ಕಾಲೇಜಿಗೆ ಒಂದು ಹೊಸ ಕ್ಲಾಸ್ ರೂಮು ಕಟ್ಟಬೇಕಷ್ಟೆ. ಅದಕ್ಕೆ ಈವರೆಗೆ ತಗುಲಿದ್ದು: ಒಂದು ವರ್ಷ ಹದಿನೇಳು ದಿನ. ಕಮಿಟಿ ಮೀಟಿಂಗು ಹದಿನಾಲ್ಕು. ಮೀಟಿಂಗಿನಲ್ಲಿ ಖಾಲಿಯಾದ ಉಪ್ಪಿಟ್ಟು ಹದಿನಾಲ್ಕು ಬೋಸಿ. ಎಲ್ಲವೂ ನಿನ್ನ ತಾಯಿ ಮಾಡಿ ಕಳಿಸಿದ್ದು. ನಕ್ಷೆ ಮೂರು. ರಾಜೀನಾಮೆ ಎರಡು, ಎರಡೂ ವಾಪಸು. ಸವೆದ ನನ್ನ ಚಪ್ಪಲಿ ಒಂದು ಜೊತೆ. ಇಟ್ಟ ಇಟ್ಟಿಗೆ: ಇಲ್ಲ.

ಮೊದಲ ನಕ್ಷೆ ಬೆಂಗಳೂರಿನವರದು. ಗೋಪುರ, ಗೋಪುರದ ಮೇಲೆ ಗಡಿಯಾರ. ಹುಡುಗರು ಕೂರುವುದು ಎಲ್ಲಿ ಎಂದು ಕೇಳಿದ್ದಕ್ಕೆ ಅದು ಎರಡನೆಯ ಹಂತದಲ್ಲಿ ಎಂದರು. ಎರಡನೆಯದು ದಾನಿ ಕರಿಯಣ್ಣಗೌಡರ ಅಳಿಯ ಬರೆದದ್ದು. ಗೌಡರ ಅಕ್ಕಿ ಗಿರಣಿ ನೋಡಿದ್ದೀಯಲ್ಲ, ಅದೇ. ಮುಂದುಗಡೆ ಅವರ ಹೆಸರಿನ ಕಮಾನು ಮಾತ್ರ ಜಾಸ್ತಿ. ಮೂರನೆಯದನ್ನು ಕಮಿಟಿಯ ಒಂಬತ್ತು ಜನ ಸೇರಿ ಬರೆದರು. ಒಬ್ಬೊಬ್ಬರೂ ಒಂದೊಂದು ಬಾಗಿಲು ಸೇರಿಸಿ, ಕೊನೆಗೆ ಕರಿಹಲಗೆ ತೂಗುಹಾಕಲು ಗೋಡೆಯೇ ಉಳಿಯಲಿಲ್ಲ.

ಕಟ್ಟುವ ಗುತ್ತಿಗೆ ನನ್ನದು. ಆದರೆ ನಿನ್ನನ್ನು ಕೇಳುತ್ತಿರುವುದು ಅದಕ್ಕಲ್ಲ. ನಿನ್ನ ತಂಗಿ ಶಂಕರಮ್ಮ ಎಸ್.ಎಸ್.ಎಲ್.ಸಿ.ಯಲ್ಲಿ ಫಸ್ಟ್ ಕ್ಲಾಸು. ಕಾಲೇಜಿಗೆ ಹೋಗುತ್ತೇನೆ ಎನ್ನುತ್ತಾಳೆ. ಹೆಣ್ಣುಮಕ್ಕಳಿಗೆ ಕೂರಲು ಪ್ರತ್ಯೇಕ ಕೋಣೆ, ಬರಲು ಪ್ರತ್ಯೇಕ ಬಾಗಿಲು ಆಗುವ ತನಕ ಅವರನ್ನು ಸೇರಿಸಿಕೊಳ್ಳುವುದಿಲ್ಲವೆಂದು ಕಮಿಟಿ ಬರೆದಿಟ್ಟಿದೆ. ಇತ್ತ ನಿಮ್ಮ ಮಾವ ಹರಿಹರದ ಜವಳಿ ಅಂಗಡಿಯವರ ಸಂಬಂಧ ತಂದು ಕೂತಿದ್ದಾರೆ. ಬರುವ ಜುಲೈಗೆ ಕಾಲೇಜಿನಲ್ಲಿ ಸೀಟು ಆದರೆ ಕಾಲೇಜು, ಆಗದಿದ್ದರೆ ಹರಿಹರ. ನಿನ್ನ ತಾಯಿಯ ಎದುರು ಮಾವನಿಗೆ ನಾನು ಮಾತು ಕೊಟ್ಟಾಗಿದೆ. ನನ್ನ ಮಾತು ಎಂಥದ್ದು ನಿನಗೆ ಗೊತ್ತು. ಅದಕ್ಕೇ ಅಲ್ಲವೇ ನೀನು ಹನ್ನೊಂದು ಮೈಲಿ ದೂರದಲ್ಲಿರುವುದು.

ಗೆರೆ ಎಳೆದರೆ ಹೊಟ್ಟೆ ತುಂಬುತ್ತದೆಯೇ ಎಂದು ಒಂದು ದಿನ ಕೇಳಿದ್ದೆ. ಕೇಳಿದ್ದು ಹೌದು. ಈಗ ನಾಲ್ಕು ಗೆರೆ ಎಳೆದು ಕಳಿಸು. ಟಪಾಲಿನಲ್ಲಿ ಕಳಿಸಿದರೆ ಸಾಕು.

ಇತಿ,
ಉಜ್ಜನಪ್ಪ
ಟಿಂಬರ್ ಡಿಪೋ

*

ಭದ್ರಾವತಿ
೨೬–೯–೧೯೪೩

ತೀರ್ಥರೂಪು ಅಪ್ಪಾಜಿಯವರಿಗೆ ಕೊಟ್ರಬಸಪ್ಪನ ನಮಸ್ಕಾರಗಳು.

ನಕ್ಷೆ ಲಗತ್ತಿಸಿದೆ. ಒಳ ಅಳತೆ ಅಗಲ ಇಪ್ಪತ್ನಾಲ್ಕು ಅಡಿ, ಉದ್ದ ಮೂವತ್ತಾರು. ಅದರಲ್ಲಿ ಇಪ್ಪತ್ತೆಂಟು ಅಡಿ ಕ್ಲಾಸಿಗೆ, ಕೊನೆಯ ಎಂಟು ಅಡಿ ಹೆಣ್ಣುಮಕ್ಕಳ ಕೋಣೆಗೆ. ಅದಕ್ಕೆ ಹೊರಗಿನಿಂದ ಬೇರೆ ಬಾಗಿಲು, ಒಳಕ್ಕೂ ಒಂದು. ಹುಡುಗರ ಎಡಗೈ ಕಡೆಯಿಂದ ಬೆಳಕು ಬರುವಂತೆ ಕಿಟಕಿ. ಕರಿಹಲಗೆಗೆ ಪೂರ್ತಿ ಗೋಡೆ. ಗೋಪುರ ಇಲ್ಲ.

ತಾರಸಿ ಹೊರಲು ಐದು ಉಕ್ಕಿನ ಗರ್ಡರು ಬೇಕು. ಯುದ್ಧ ನಡೆದಿರುವುದರಿಂದ ಪರ್ಮಿಟ್ಟಿಲ್ಲದೆ ಒಂದು ಮೊಳೆಯೂ ಸಿಗುವುದಿಲ್ಲ. ಎರಡೂ ಗೋಡೆಯ ಮೇಲೆ ಒಂಬತ್ತೊಂಬತ್ತು ಅಂಗುಲ ಕೂರಬೇಕಾದ್ದರಿಂದ ಒಂದೊಂದು ಗರ್ಡರೂ ಇಪ್ಪತ್ತೈದೂವರೆ ಅಡಿ. ಪರ್ಮಿಟ್ಟಿಗೆ ಈ ಅಳತೆಯನ್ನೇ ಬರೆಯಿರಿ. ಕಮಿಟಿ ಏನೇ ಬದಲಾಯಿಸಿದರೂ ಅಗಲ ಬದಲಾಯಿಸಕೂಡದು.

ಅಮ್ಮನಿಗೆ ನಮಸ್ಕಾರ. ಶಂಕರಿಗೆ, ಆಲ್ಜೀಬ್ರಾ ಮರೆಯಬೇಡ ಎಂದು ಹೇಳಿ.

ಇತಿ,
ಕೊಟ್ರಬಸಪ್ಪ

*

ಶಿವಮೊಗ್ಗ
೨೬–೧೦–೧೯೪೩

ಚಿ. ಕೊಟ್ರಬಸಪ್ಪನಿಗೆ ಆಶೀರ್ವಾದಗಳು.

ನಿನ್ನ ನಕ್ಷೆ ಪಾಸಾಯಿತು. ಎಷ್ಟು ಸುಲಭವಾಗಿ ಎಂದು ಕೇಳು. ಮೂರೇ ಮೀಟಿಂಗು.

ಪ್ರಿನ್ಸಿಪಾಲ್ ಶ್ರೀನಿವಾಸಮೂರ್ತಿಗಳು ಕನ್ನಡಕ ಹಣೆಗೇರಿಸಿ ನೋಡಿ, "ಕಡೆಗೂ ಪಾಠ ಮಾಡೋಕೆ ಆಗೋ ಅಂಥ ಒಂದು ರೂಮು ಕಂಡೆ ಕಣ್ರೀ" ಎಂದರು. ಬರೆದವರು ಯಾರೆಂದು ಕೇಳಿದರು. ಭದ್ರಾವತಿಯ ಒಬ್ಬ ಡ್ರಾಫ್ಟ್ಸ್‌ಮನ್ ಎಂದೆ. ಹೆಸರು ಹೇಳಲಿಲ್ಲ, ಮಗನ ನಕ್ಷೆಗೆ ಅಪ್ಪನ ಗುತ್ತಿಗೆ ಎಂದು ಇನ್ನೊಂದು ಮೀಟಿಂಗು ಯಾಕೆ ಬೇಕು.

ಕರಿಯಣ್ಣಗೌಡರು ಮಾತ್ರ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಉಜ್ಜನಪ್ಪನೋರೇ, ಆಯ ನೋಡಿಸಿದ್ರಾ?"

"ಇದು ಕಾಲೇಜು ಗೌಡ್ರೇ, ಮನೆ ಅಲ್ಲ" ಎಂದರು ಪ್ರಿನ್ಸಿಪಾಲರು.

"ದುಡ್ಡು ನನ್ ಮನೇದಲ್ವೇನ್ರೀ? ಆಯ ಕೂಡ್ದಿದ್ರೆ ನಾನು ಕೊಡೋನಲ್ಲ."

ಜೋಯಿಸರು ಬಂದರು. ಉದ್ದ ಅಗಲವನ್ನು ಮೊಳದಲ್ಲಿ ಗುಣಿಸಿ ಎಂಟರಿಂದ ಭಾಗಿಸಿ ಉಳಿದದ್ದು ನೋಡಿದರು. ಒಂದು ಉಳಿದರೆ ಧ್ವಜಾಯ, ಬಹಳ ಶ್ರೇಷ್ಠ. ನಿನ್ನ ನಕ್ಷೆಯಲ್ಲಿ ಏನೂ ಉಳಿಯಲಿಲ್ಲ. ಅದು ಕಾಕಾಯವಂತೆ, ಕಾಗೆ ಕೂರುವ ಮನೆ. ಜೋಯಿಸರು ಎಲ್ಲೋ ಕೂಡಿ ಎಲ್ಲೋ ಕಳೆದು ಧ್ವಜಾಯ ಮಾಡಿಕೊಟ್ಟರು. ಆಮೇಲೆ ಯಾರ ಮೊಳ ಎಂಬ ಪ್ರಶ್ನೆ. ಯಜಮಾನನ ಮೊಳದಿಂದ ಅಳೆಯಬೇಕು. ಕಾಲೇಜಿಗೆ ಯಜಮಾನ ಯಾರು? ಮುಕ್ಕಾಲು ಗಂಟೆ ವಾದವಾಗಿ, ಕೊನೆಗೆ ಗೌಡರು ಅಂಗಿ ತೋಳು ಮೇಲೆ ಮಾಡಿ ಮೇಜಿನ ಮೇಲೆ ಮೊಣಕೈ ಊರಿಯೇ ಬಿಟ್ಟರು. ಮೇಸ್ತ್ರಿ ಕೆಂಚಪ್ಪ ಮೊಣಕೈಯಿಂದ ನಡುಬೆರಳ ತುದಿಗೆ ಬಿದಿರು ಕೋಲು ಹಿಡಿದು, ಕತ್ತರಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡ. ಶಾಸ್ತ್ರ ಮುಗಿಯಿತು. ನೀನು ತಲೆ ಕೆಡಿಸಿಕೊಳ್ಳಬೇಡ.

ನಿನ್ನ ತಾಯಿ ಚಟ್ನಿಪುಡಿ ಕಳಿಸಿದ್ದಾಳೆ. ಡಬ್ಬಿ ವಾಪಸು ಬೇಕಂತೆ. ಟಪಾಲಿನಲ್ಲಿ ಡಬ್ಬಿ ಕಳಿಸಬಾರದಂತೆ, ಅದನ್ನೂ ಬರೆ ಎನ್ನುತ್ತಾಳೆ.

ಇತಿ,
ಉಜ್ಜನಪ್ಪ

*

ಭದ್ರಾವತಿ
೨೮–೧೦–೧೯೪೩, ಗುರುವಾರ

ಅಪ್ಪಾಜಿಯವರಿಗೆ ನಮಸ್ಕಾರಗಳು.

ಎರಡೇ ಪ್ರಶ್ನೆ. ಜೋಯಿಸರು ಎಲ್ಲಿ ಎಷ್ಟು ಕಳೆದರು? ಕೆಂಚಪ್ಪನ ಸೊಂಟದಲ್ಲಿರುವ ಕೋಲು ಎಷ್ಟು ಅಂಗುಲ?

ಪೇಟೆಯ ಮೊಳ ಹದಿನೆಂಟು ಅಂಗುಲ. ಕರಿಯಣ್ಣಗೌಡರು ನನ್ನ ಭುಜಕ್ಕೆ ಬರುವ ಆಳು. ಗರ್ಡರಿನ ಆರ್ಡರು ಸೋಮವಾರ ಇಲ್ಲಿ ಒಳಗೆ ಹೋಗುತ್ತದೆ. ಹೋದ ಮೇಲೆ ತಿದ್ದಲು ಆಗುವುದಿಲ್ಲ. ಶನಿವಾರದೊಳಗೆ ಒಂದು ಕಾರ್ಡು ಹಾಕಿ.

ಇತಿ,
ಕೊಟ್ರಬಸಪ್ಪ

*

ಶಿವಮೊಗ್ಗ
೧೪–೧೧–೧೯೪೩

ಚಿ. ಕೊಟ್ರಬಸಪ್ಪನಿಗೆ ಆಶೀರ್ವಾದಗಳು.

ಹತ್ತು ದಿನ ಸಾಗರದ ಕಡೆ ಮರದ ಹರಾಜಿಗೆ ಹೋಗಿದ್ದೆ. ಬಂದು ನೋಡಿದರೆ ಕೆಂಚಪ್ಪ ಪಾಯ ತೆಗೆದು ಕಲ್ಲು ತುಂಬಿಸಿದ್ದಾನೆ. ಇಟ್ಟಿಗೆ ಗೂಡು ಸುಟ್ಟಿದೆ. ಗಾರೆ ಅರೆಯುತ್ತಿದ್ದಾರೆ. ಸಿಮೆಂಟು ಕೇಳಿದವನನ್ನು ಈಗ ಜನ ಚಿನ್ನ ಕೇಳಿದವನ ಹಾಗೆ ನೋಡುತ್ತಾರೆ.

ಶಂಕರಮ್ಮ ದಿನಾ ಸಂಜೆ ಅಲ್ಲಿಗೆ ಹೋಗಿ, ಪಾಯದ ಕೊನೆಯಲ್ಲಿ ತನ್ನ ಕೋಣೆ ಎಲ್ಲಿ ಬರುತ್ತದೋ ಅಲ್ಲಿ ನಿಂತು ಬರುತ್ತಾಳೆ. ನಿಂತು ಏನು ಮಾಡುತ್ತೀಯೇ ಮಾರಾಯ್ತಿ ಎಂದರೆ, "ಅಭ್ಯಾಸ ಮಾಡ್ಕೋತೀನಿ" ಎನ್ನುತ್ತಾಳೆ.

ಪರ್ಮಿಟ್ಟು ಬಂತು. ನಾಲ್ಕು ಆಫೀಸು, ಏಳು ಸಹಿ. ಮಾಲು ಮಾರ್ಚಿಗೆ ಕೊಡುತ್ತಾರಂತೆ. ಮಿಕ್ಕಿದ್ದೆಲ್ಲ ಸರಿಯಾಗಿದೆ.

ಇತಿ,
ಉಜ್ಜನಪ್ಪ

*

ಶಿವಮೊಗ್ಗ
೬–೩–೧೯೪೪

ಕೊಟ್ರಬಸಪ್ಪನಿಗೆ,

ಆಶೀರ್ವಾದ ಕೊನೆಯಲ್ಲಿ ಬರೆಯುತ್ತೇನೆ. ಮೊದಲು ನಿನ್ನ ಗರ್ಡರಿನ ಕಥೆ ಕೇಳು.

ಎರಡು ಜೋಡಿ ಗಾಡಿ ಒಂದರ ಹಿಂದೊಂದು ಕಟ್ಟಿ ಐದು ಗರ್ಡರು ಹೇರಿ ತಂದೆವು. ಮಾಚೇನಹಳ್ಳಿಯ ತಿರುವಿನಲ್ಲಿ ಹಿಂದಿನ ಗಾಡಿ ಹೊಲಕ್ಕೆ ಇಳಿಯಿತು. ಅರ್ಧ ದಿನ, ಹತ್ತು ಆಳು, ಹೊಲದವನಿಗೆ ಸಮಾಧಾನ. ಇಲ್ಲಿಗೆ ತಂದು ಹಗ್ಗ ಕಟ್ಟಿ ಗೋಡೆ ಮೇಲೆ ಏರಿಸಿದರೆ, ಒಂದು ತುದಿ ಗೋಡೆ ಮೇಲೆ ಸರಿಯಾಗಿ ಕೂತಿತು. ಇನ್ನೊಂದು ತುದಿ ಆಚೆ ಗೋಡೆ ದಾಟಿ ಬಯಲಿಗೆ ಹೋಗಿ ನಿಂತಿತು. ಮೂರು ಅಡಿ ಮೂರು ಅಂಗುಲ ಹೊರಗೆ! ಐದೂ ಹಾಗೇ!

ಕೆಂಚಪ್ಪನನ್ನು ಹಿಡಿದು ಕೇಳಿದೆ.

"ಅಳ್ತೆ ಸರಿ ಐತೆ ಯಜಮಾನ್ರೇ. ಅಗಲ ಹದಿನೈದು ಮೊಳ, ಉದ್ದ ಇಪ್ಪತ್ಮೂರು. ಕೋಲು ಇಲ್ಲೇ ಐತೆ, ನೋಡ್ಕಳಿ."

"ಗರ್ಡರು ಹೊರಗೆ ಹೋಗಿದೆಯಲ್ಲೋ!"

"ಅದು ಗರ್ಡರಿನ್ ತಪ್ಪು. ಗೋಡೆ ಧ್ವಜಾಯ."

ಗೌಡರು ಬಂದು ನೋಡಿ, "ಜಾಸ್ತಿ ಬಂದೈತಲ್ಲ, ಒಳ್ಳೇದೇ ಆಯ್ತು ಬಿಡ್ರೀ" ಎಂದು ಹೋದರು. ಪ್ರಿನ್ಸಿಪಾಲರು ಟೇಪು ತರಿಸಿ ಒಳಗೆ ಅಳೆದರು. ಅಗಲ ಇಪ್ಪತ್ತು ಅಡಿ, ಉದ್ದ ಮೂವತ್ತು ಅಡಿ ಎಂಟು ಅಂಗುಲ. ಟೇಪು ಸುತ್ತಿಟ್ಟರು. ಆಮೇಲೆ, "ಉಜ್ಜನಪ್ಪನವರೇ, ಅರವತ್ತು ಹುಡುಗರು ಕೂರಬೇಕಾದರೆ ಇಡೀ ರೂಮು ಬೇಕು. ಹೆಣ್ಣುಮಕ್ಕಳ ಕೋಣೆ ಕೈಬಿಡಬೇಕಾಗುತ್ತೆ. ನನಗೂ ಬೇಜಾರೇ" ಎಂದರು. ಶಂಕರಮ್ಮ ಅಲ್ಲೇ ಇಟ್ಟಿಗೆ ರಾಶಿಯ ಹತ್ತಿರ ನಿಂತಿದ್ದಳು.

ಕಮ್ಮಾರರಿಬ್ಬರನ್ನು ಕರೆಸಿ ಕತ್ತರಿಸಲು ಹಚ್ಚಿದೆ. ಒಂದು ದಿನಕ್ಕೆ ಎಂಟು ಗರಗಸದ ಅಲಗು ಮುರಿದು, ಉಗುರಿನಷ್ಟು ಗಾಯ ಮಾಡಿದರು. ಅಷ್ಟರಲ್ಲಿ ಪರ್ಮಿಟ್ ಆಫೀಸಿನವನು ಬಂದು, ಕಾಗದದಲ್ಲಿರುವ ಅಳತೆಯೇ ಕಟ್ಟಡದಲ್ಲಿ ಕಾಣಬೇಕು, ಕತ್ತರಿಸಿದ ತುಂಡಿಗೆ ಲೆಕ್ಕ ಕೊಡಬೇಕು ಎಂದ.

ಇಷ್ಟು ಉದ್ದದ ಗರ್ಡರು ಬರೆದವನು ನೀನು. ಯುಗಾದಿ ಕಳೆದ ಮೇಲೆ ನಿಮ್ಮ ಮಾವ ಹರಿಹರದವರನ್ನು ಕರೆದುಕೊಂಡು ಬರುತ್ತಾರೆ. ಕತ್ತರಿಸಬಹುದೆಂದು ನಿನ್ನ ಆಫೀಸಿನಿಂದ ಒಂದು ಕಾಗದ ಬರೆಸಿ ಕೂಡಲೇ ಕಳಿಸು.

ಆಶೀರ್ವಾದಗಳು.
ಉಜ್ಜನಪ್ಪ

*

ಭದ್ರಾವತಿ
೧೦–೩–೧೯೪೪

ಅಪ್ಪಾಜಿಯವರಿಗೆ ನಮಸ್ಕಾರಗಳು.

ಅಂಥ ಕಾಗದ ಬರೆಸುವುದಿಲ್ಲ. ಐದು ಗರ್ಡರಿಗೂ ನನ್ನ ಕಣ್ಣೆದುರೇ ಅಳತೆ ಹಿಡಿದದ್ದು. ಐದೂ ಸರಿಯಾಗಿವೆ.

ಅಗಲ ಹದಿನೈದು ಮೊಳ ಇಪ್ಪತ್ತು ಅಡಿ ಆಯಿತೆಂದರೆ ಗೌಡರ ಮೊಳ ಹದಿನಾರು ಅಂಗುಲ. ಇದನ್ನೇ ನಾನು ಅಕ್ಟೋಬರ್ ಇಪ್ಪತ್ತೆಂಟರಂದು ಕೇಳಿದ್ದೆ. ಇಲ್ಲಿಂದ ಶಿವಮೊಗ್ಗಕ್ಕೆ ಟಪಾಲು ಒಂದು ದಿನ. ಶುಕ್ರವಾರ ನಿಮ್ಮ ಕೈ ಸೇರಿದೆ. ಸಾಗರದ ಹರಾಜು ಬುಧವಾರ ಶುರುವಾದದ್ದು. ಇಲ್ಲಿಯ ಮರದ ವ್ಯಾಪಾರಿಗಳೂ ಹೋಗಿದ್ದರು.

ಇನ್ನೊಂದು ಲೆಕ್ಕ. ಇದನ್ನು ಮಾಡಲು ನೀವೇ ಕಲಿಸಿದ್ದು. ನಕ್ಷೆಯ ಪ್ರಕಾರ ಸುತ್ತು ಗೋಡೆ ನೂರಿಪ್ಪತ್ತು ಅಡಿ. ಈಗ ಕಟ್ಟಿದ್ದು ನೂರೊಂದು ಅಡಿ ನಾಲ್ಕು ಅಂಗುಲ. ಹದಿನೆಂಟು ಅಡಿ ಎಂಟು ಅಂಗುಲ ಗೋಡೆ ಕಟ್ಟಲೇ ಇಲ್ಲ. ನಿಮ್ಮದು ಅಳತೆಗೆ ತಕ್ಕ ಗುತ್ತಿಗೆಯಲ್ಲ, ಒಟ್ಟು ಗುತ್ತಿಗೆ. ಕಟ್ಟದ ಗೋಡೆ ಯಾರ ಕಡೆ ಉಳಿಯಿತು?

ಹದಿನೆಂಟು ಅಡಿ ಎಂಟು ಅಂಗುಲ. ಶಂಕರಿಯ ಕೋಣೆ ಎಂಟು ಅಡಿ ಇತ್ತು.

ಇತಿ,
ಕೊಟ್ರಬಸಪ್ಪ

*

ಶಿವಮೊಗ್ಗ
೧೨–೪–೧೯೪೪

ಅಣ್ಣನಿಗೆ ಶಂಕರಿಯ ನಮಸ್ಕಾರ.

ನಿನ್ನ ಕಾಗದ ಬಂದ ಮೇಲೆ ಅಪ್ಪಾಜಿ ಯಾರ ಜೊತೆಗೂ ಜಗಳ ಆಡಿಲ್ಲ. ಅಮ್ಮನಿಗೆ ಗಾಬರಿಯಾಗಿ ಕಷಾಯ ಮಾಡಿ ಕೊಟ್ಟಳು. ಕುಡಿದರು, ಅದಕ್ಕೂ ಏನೂ ಅನ್ನಲಿಲ್ಲ.

ಹರಿಹರದವರು ಬಂದು ಹೋದರು. ಹುಡುಗ ಒಳ್ಳೆಯವನೇ ಇರಬೇಕು, ತಲೆ ಎತ್ತಲಿಲ್ಲವಾದ್ದರಿಂದ ಸರಿಯಾಗಿ ಗೊತ್ತಾಗಲಿಲ್ಲ. ಓದಿದ್ದು ಸಾಕಲ್ವಾ ಎಂದು ಅವನ ತಾಯಿ ಕೇಳಿದರು. ಸಾಲದು ಎಂದೆ. ಮಾವ ಕೆಮ್ಮಿದರು. ಜುಲೈ ತನಕ ಕಾಯುತ್ತೇವೆ ಎಂದು ಹೋಗಿದ್ದಾರೆ.

ಮೊನ್ನೆ ಕಟ್ಟಡದ ಹತ್ತಿರ ಹೋದಾಗ ಮಳೆ ಬಂತು. ಗರ್ಡರಿನ ತುದಿಗಳು ಗೋಡೆಯಿಂದ ಆಚೆ ಚಾಚಿಕೊಂಡಿವೆಯಲ್ಲ, ಕೆಂಚಪ್ಪ ಅವುಗಳ ಮೇಲೆ ನಾಲ್ಕು ಹಲಗೆ ಹಾಕಿ ಗಾರೆ ನೆನೆಯದಂತೆ ಇಟ್ಟಿದ್ದ. ನಾನು, ಪಕ್ಕದ ಮನೆ ಪುಟ್ಟಲಕ್ಷ್ಮಿ, ಇಬ್ಬರೂ ಅದರ ಕೆಳಗೆ ನಿಂತೆವು. ಒಂದು ಹನಿ ಬೀಳಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತೆವು, ಕಾಲು ಚಾಚಲೂ ಆಯಿತು. ಅಳೆದೆ: ನನ್ನ ಮೊಳದಲ್ಲಿ ಎರಡು ಮೊಳ, ಮೇಲೆ ಐದು ಅಂಗುಲ. ನನ್ನ ಮೊಳ ಹದಿನೇಳು ಅಂಗುಲ ಅಣ್ಣ, ಗೌಡರದಕ್ಕಿಂತ ಒಂದು ಹೆಚ್ಚು. ಉದ್ದ ಅಂತೂ ಗೋಡೆಯಷ್ಟೂ ಇದೆ.

ಅಗಲ ಕಡಿಮೆ, ಗೊತ್ತು. ಕೂರುವುದಕ್ಕೆ ಮೂರು ಅಡಿ ಸಾಕಾಗುತ್ತದೆ. ಕೋಣೆ ಅಂದರೆ ಎಷ್ಟು ಅಡಿ ಇರಬೇಕು ಅಂತ ಕಮಿಟಿ ಬರೆದಿದೆಯೇ? ಪ್ರತ್ಯೇಕ ಇರಬೇಕು ಅಂತ ಮಾತ್ರ ಬರೆದಿದೆ. ಅಪ್ಪಾಜಿಯ ಪೆಟ್ಟಿಗೆಯಲ್ಲಿ ಕಾಗದ ನೋಡಿದೆ.

ನಾನು ಹೇಳಿದೆ ಅಂತ ಬರೆಯಬೇಡ. ನೀನೇ ಯೋಚನೆ ಮಾಡಿದ ಹಾಗೆ ಬರೆ.

ನಿನ್ನ,
ಶಂಕರಿ

*

ಶಿವಮೊಗ್ಗ
೧೬–೪–೧೯೪೪

ಚಿರಂಜೀವಿ ಕೊಟ್ರಬಸಪ್ಪನಿಗೆ ಆಶೀರ್ವಾದಗಳು.

ನಿನ್ನ ಮಾರ್ಚಿನ ಕಾಗದಕ್ಕೆ ಉತ್ತರ ಬರೆಯಲು ಐದು ಸಲ ಕೂತೆ. ನಾಲ್ಕರಲ್ಲಿ ನಿನ್ನನ್ನು ಬೈದಿದ್ದೆ. ಇದು ಐದನೆಯದು.

ನಿನ್ನ ಕಾರ್ಡು ಶುಕ್ರವಾರ ಬಂತು. ಓದಿದೆ. ಕೋಲು ನಾನೇ ಅಳೆದಿದ್ದೆ. ಹದಿನಾರು ಅಂಗುಲ. ಗೌಡರು ಮೇಜಿನ ಮೇಲೆ ಮೊಣಕೈ ಊರಿದಾಗಲೇ ನನ್ನ ತಲೆಯಲ್ಲಿ ಇಟ್ಟಿಗೆ ಎಣಿಕೆ ಶುರುವಾಗಿತ್ತು. ಪ್ರಿನ್ಸಿಪಾಲರು ಆಯದ ವಿರುದ್ಧ ಮಾತಾಡುತ್ತಿದ್ದರು, ನನ್ನ ಕಡೆ ನೋಡಿದರು. ನಾನು "ಗೌಡ್ರು ಹೇಳೋದ್ರಲ್ಲೂ ಅರ್ಥ ಇದೆ" ಎಂದೆ. ಅಷ್ಟು ಭಕ್ತಿ ನನಗೆ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ.

ಹೆಣ್ಣುಮಗಳ ಕೋಣೆ ಹೋಗುತ್ತದೆ ಎಂದು ನನಗೆ ಹೊಳೆಯಲಿಲ್ಲ. ಎಲ್ಲ ಒಂದೊಂದು ಚೂರು ಚಿಕ್ಕದಾಗುತ್ತದೆ, ಹುಡುಗರು ಒತ್ತಿ ಕೂರುತ್ತಾರೆ ಎಂದುಕೊಂಡೆ. ಗರ್ಡರು? ನಾನು ಮರದವನು. ತೊಲೆ ಗಿಡ್ಡ ಬಂದರೆ ನಷ್ಟ, ಉದ್ದ ಬಂದರೆ ಲಾಭ; ಕುಯ್ದು ಉಳಿದ ತುಂಡನ್ನು ಕಿಟಕಿಗೆ ಹಾಕುತ್ತೇನೆ. ಮೂವತ್ತು ವರ್ಷ ಹೀಗೇ ನಡೆದಿದೆ. ಉಕ್ಕು ಕುಯ್ಯಲು ಬಾರದೆಂದು ನನಗೆ ಯಾರು ಹೇಳಬೇಕಿತ್ತು? ನೀನು. ನೀನು ಹೇಳಿದ್ದೆ. ಕಾರ್ಡನ್ನು ಮಡಿಸಿ ಅಂಗಿಜೇಬಿನಲ್ಲಿಟ್ಟುಕೊಂಡೆ.

ಇನ್ನು ಕೆಲಸದ ಮಾತು. ಶಂಕರಮ್ಮ ನಿನಗೆ ಬರೆದದ್ದು ನನಗೆ ಗೊತ್ತು. ನನ್ನ ಪೆಟ್ಟಿಗೆಯ ಕಾಗದ ಹಿಂದುಮುಂದಾಗಿತ್ತು. ಅವಳು ಹೇಳಿದ್ದು ಆಗುತ್ತದೆಯೇ? ಗರ್ಡರಿನ ತುದಿಯ ಮೇಲೆ ತಾರಸಿ ಮುಂದುವರಿಸಿ, ಕೆಳಗೆ ಜಗುಲಿ ಕಟ್ಟಿ, ಹೊರಗಡೆ ನೆಲದಿಂದ ಮಾಡಿನ ತನಕ ತೇಗದ ಜಾಲರಿ ಕೂರಿಸಿದರೆ ಕೋಣೆ ಎನ್ನಬಹುದೇ? ಜಾಲರಿಯ ಮರ ನನ್ನ ಡಿಪೋದ್ದು. ಕಮಿಟಿಗೆ ಬಿಲ್ಲು ಕೊಡುವುದಿಲ್ಲ. ಹದಿನೆಂಟು ಅಡಿ ಎಂಟು ಅಂಗುಲ ಗೋಡೆಯಲ್ಲಿ ಉಳಿದದ್ದನ್ನು ಅದಕ್ಕೇ ಹಾಕುತ್ತೇನೆ, ಸಾಲದೆ ಬಂದರೆ ಮೇಲೆಯೂ ಹಾಕುತ್ತೇನೆ.

ಅಳತೆ ತಪ್ಪುವುದು ಇನ್ನು ಸಾಕು. ಯಾರಾದರೂ ತಿಳಿದವರು ಬಂದು ಕಣ್ಣಾರೆ ನೋಡಿದರೆ ಒಳ್ಳೆಯದು. ಬಾ ಎಂದು ನಾನು ಬರೆಯುತ್ತಿಲ್ಲ. ಇದ್ದಿಲು ಗ್ಯಾಸಿನ ಬಸ್ಸು ಭದ್ರಾವತಿಯಿಂದ ಬೆಳಿಗ್ಗೆ ಏಳಕ್ಕೆ ಬಿಡುತ್ತದೆ ಎಂದು ಮಾತ್ರ ಬರೆಯುತ್ತಿದ್ದೇನೆ. ಚಟ್ನಿಪುಡಿ ಡಬ್ಬಿಯೂ ಬಂದಿಲ್ಲ.

ಇತಿ,
ಉಜ್ಜನಪ್ಪ

*

ಭದ್ರಾವತಿ
೨೦–೪–೧೯೪೪

ಅಪ್ಪಾಜಿಯವರಿಗೆ ನಮಸ್ಕಾರಗಳು.

ಆಗುತ್ತದೆ. ಗರ್ಡರುಗಳು ಈಗ ಹತ್ತಿರ ಹತ್ತಿರ ಬಂದಿರುವುದರಿಂದ ಹೊರಗಿನ ತಾರಸಿಯ ಭಾರ ಅವಕ್ಕೆ ಲೆಕ್ಕಕ್ಕೇ ಇಲ್ಲ. ಒಳಗೋಡೆಯಲ್ಲಿ ಕರಿಹಲಗೆಯ ಪಕ್ಕಕ್ಕೆ ಒಂದು ಬಾಗಿಲು ಒಡೆಯಬೇಕು, ಅಲ್ಲಿಂದ ನೇರ ಮುಂದಿನ ಬೆಂಚಿಗೆ. ಎಲ್ಲಿ ಒಡೆಯಬೇಕೆಂದು ನೋಡದೆ ಹೇಳಲಾರೆ.

ಭಾನುವಾರ ಏಳರ ಬಸ್ಸು. ಡಬ್ಬಿ ತರುತ್ತೇನೆ. ಟೇಪೂ ತರುತ್ತೇನೆ. ಕೆಂಚಪ್ಪನಿಗೆ ಕೋಲು ಮನೆಯಲ್ಲಿ ಬಿಟ್ಟು ಬರಲು ಹೇಳಿ.

ಇತಿ,
ಕೊಟ್ರಬಸಪ್ಪ

*

ಶಿವಮೊಗ್ಗ
೧೦–೭–೧೯೪೪

ಚಿರಂಜೀವಿ ಕೊಟ್ರಬಸಪ್ಪನಿಗೆ ಆಶೀರ್ವಾದಗಳು.

ನಿನ್ನೆ ಭಾನುವಾರ ನೀನು ಬರಲಿಲ್ಲ. ಕಾರ್ಖಾನೆಯಲ್ಲಿ ಕೆಲಸ ಜಾಸ್ತಿ ಎಂದು ಶಂಕರಮ್ಮನಿಗೆ ಬರೆದಿದ್ದೆಯಂತೆ. ನಿನ್ನ ತಾಯಿ ಒಪ್ಪುವುದಿಲ್ಲ. ಹನ್ನೊಂದು ಭಾನುವಾರ ಬಂದವನು ಹನ್ನೆರಡನೆಯದು ತಪ್ಪಿಸಿದ್ದಕ್ಕೆ ಕಾರಣ ಬರೆದು ತಿಳಿಸಬೇಕಂತೆ. ನೀನು ಕಾಣದೆ ಹೋದ ಮೀಟಿಂಗಿನ ವರದಿ ನಾನು ಬರೆಯುತ್ತೇನೆ.

ಕಮಿಟಿಯವರು ಜಗುಲಿಯನ್ನು ನೋಡಲು ಒಂಬತ್ತು ಜನರೂ ಬಂದರು. ಒಂಬತ್ತು ಜನ ಒಳಗೆ ನಿಂತರೆ ತಿರುಗಲು ಜಾಗವಿಲ್ಲ, ಸಾಲಾಗಿ ಹೋಗಿ ಸಾಲಾಗಿ ಬಂದರು. ಇದು ಕೋಣೆಯೋ ಓಣಿಯೋ ಎಂದು ಒಬ್ಬರು ತಕರಾರು ತೆಗೆದರು.

ಪ್ರಿನ್ಸಿಪಾಲರು ನಿರ್ಣಯದ ಪುಸ್ತಕ ತೆಗೆದು ಓದಿದರು. "ಪ್ರತ್ಯೇಕ ಕೋಣೆ, ಪ್ರತ್ಯೇಕ ಬಾಗಿಲು. ಅಡಿ ಅಂಗುಲ ಬರೆದಿಲ್ಲ. ಇದು ಪ್ರತ್ಯೇಕ ಹೌದೋ ಅಲ್ವೋ ಹೇಳ್ರಿ."

"ಆಯ ಕೆಡುತ್ತೇನೋ" ಎಂದು ಇನ್ನೊಬ್ಬರು ಗೌಡರ ಮುಖ ನೋಡಿದರು.

ಗೌಡರು ಜಾಲರಿಯನ್ನು ತಟ್ಟಿ ನೋಡಿದರು. "ಇದು ಗೋಡೆಯಿಂದ ಆಚೆಗೈತಲ್ರೀ. ನನ್ ಮೊಳ ಗೋಡೆ ಒಳಗೆ ಮುಗೀತು. ಹೊರಗಿಂದು ನನ್ ಲೆಕ್ಕಕ್ಕೆ ಬರಾಕಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಇದಕ್ಕೆ ದುಡ್ಡು ಕೇಳ್ತೀರೇನ್ರೀ?" ಎಂದರು. ಇಲ್ಲ ಎಂದೆ. "ಹಂಗಾದ್ರೆ ಇನ್ನೇನು ಮಾತು, ಪಾಸ್ ಮಾಡ್ರೀ" ಎಂದರು. ಇಪ್ಪತ್ತೆರಡು ತಿಂಗಳು ನಾನು ಕಾದ ನಿರ್ಣಯ, ಉಪ್ಪಿಟ್ಟು ಬರುವುದರೊಳಗೆ ಆಗಿಹೋಯಿತು.

ಮೊದಲೇ ಹಾಕಿದ್ದ ಒಂದು ಷರತ್ತನ್ನೂ ನೋಡಿಕೊಂಡರು. ಜಾಲರಿಯ ಸಂದಿಯಲ್ಲಿ ಬೆರಳು ತೂರಬಾರದು. ಹಾಗೇ ಮಾಡಿಸಿದ್ದೆ. ಒಳಗೆ ಮಧ್ಯಾಹ್ನವೂ ಮಬ್ಬು.

ಇಗೋ, ಯಾರಿಗೆ ಏನು ಸಿಕ್ಕಿತೆಂಬ ಪಟ್ಟಿ. ಇದನ್ನು ಇಟ್ಟುಕೊ, ಮುಂದೆ ಯಾರಾದರೂ ಕಟ್ಟಡ ಕಟ್ಟುತ್ತೇನೆಂದರೆ ತೋರಿಸು.

ಕರಿಯಣ್ಣಗೌಡರಿಗೆ: ಧ್ವಜಾಯದ ರೂಮು, ಬಾಗಿಲ ಮೇಲೆ ಹೆಸರಿನ ಕಲ್ಲು. ಅಕ್ಷರ ಸಣ್ಣದಾಯಿತೆಂದು ತಕರಾರಿದೆ.

ಜೋಯಿಸರಿಗೆ: ದಕ್ಷಿಣೆ, ಒಂದು ಶಾಲು.

ಕೆಂಚಪ್ಪನಿಗೆ: ಕೂಲಿ, ಮತ್ತು ಆ ಕೋಲು. ಎಸೆಯಲು ಹೇಳಿದೆ, ಗೌಡರು ಮನೆ ಕಟ್ಟಿಸಿದರೆ ಬೇಕಾಗುತ್ತದೆ ಎಂದು ಇಟ್ಟುಕೊಂಡಿದ್ದಾನೆ.

ಪ್ರಿನ್ಸಿಪಾಲರಿಗೆ: ಅರವತ್ತು ಜನರ ರೂಮು ಕೇಳಿದ್ದಕ್ಕೆ ಐವತ್ತೆರಡು ಜನರ ರೂಮು. ಮಿಕ್ಕ ಎಂಟು ಹುಡುಗರು ಹಿಂದುಗಡೆ ನಿಲ್ಲುತ್ತಾರೆ.

ಹರಿಹರದವರಿಗೆ: ತಂದ ಜಾತಕ ವಾಪಸು, ಜೊತೆಗೆ ತೆಂಗಿನಕಾಯಿ.

ನಿಮ್ಮ ಮಾವನಿಗೆ: ನನ್ನ ಮೇಲೆ ಸಿಟ್ಟು. ಒಂದು ವರ್ಷಕ್ಕೆ ಸಾಕಾಗುವಷ್ಟು.

ನಿನ್ನ ತಾಯಿಗೆ: ಡಬ್ಬಿ.

ನಿನಗೆ: ಹೆಸರಿಲ್ಲ. ನಕ್ಷೆ ಯಾರದೆಂದು ಕಲ್ಲಿನಲ್ಲಿ ಕೆತ್ತಿಲ್ಲ. ಆದರೆ ನಿನ್ನೆ ಮೀಟಿಂಗಿನಲ್ಲಿ ಪ್ರಿನ್ಸಿಪಾಲರು ಮತ್ತೆ ಕೇಳಿದರು. ನನ್ನ ಮಗ ಎಂದೆ. ಇನ್ನೊಂದು ಮೀಟಿಂಗು ಆಗುವುದಾದರೆ ಆಗಲಿ.

ನನಗೆ: ಕಟ್ಟದ ಗೋಡೆಯಲ್ಲಿ ಉಳಿದದ್ದು ಪೂರ್ತಿ ಜಾಲರಿಗೆ ಹೋಯಿತು. ಮೇಲೆ ಒಂದು ಗಾಡಿ ತೇಗ. ಉಳಿಕೆ ಇಲ್ಲ.

ಶಂಕರಮ್ಮನಿಗೆ, ಪುಟ್ಟಲಕ್ಷ್ಮಿಗೆ, ಇನ್ನೊಬ್ಬಳು ಸೀತಾ ಎಂಬ ಹುಡುಗಿಗೆ: ಮುಂದಿನ ಬೆಂಚು, ಮೂರು ಅಡಿ ಮೂರು ಅಂಗುಲ ಅಗಲದ ಒಂದು ಕೋಣೆ. ಈ ದಿನ ಬೆಳಿಗ್ಗೆ ಡಿಪೋಗೆ ಹೋಗುವಾಗ ಆ ಕಡೆಯಿಂದ ಹಾದು ಬಂದೆ. ಜಾಲರಿಯಲ್ಲಿ ಕೂತವರ ಕಣ್ಣಿನ ಎತ್ತರಕ್ಕೆ ಒಂದು ಪಟ್ಟಿ ಇಲ್ಲ. ಮೊಳೆ ಕಿತ್ತು ನೀಟಾಗಿ ತೆಗೆದಿದ್ದಾರೆ. ಅಲ್ಲಿಂದ ಬೆಳಕು ನೇರವಾಗಿ ಪುಸ್ತಕದ ಮೇಲೆ ಬೀಳುತ್ತದೆ.

ನನ್ನ ಡಿಪೋದಿಂದ ಮೊಳೆ ಕೀಳುವ ಒಂದು ಇಕ್ಕಳವೂ ಕಾಣೆಯಾಗಿದೆ. ಹುಡುಕಿಸುತ್ತಿಲ್ಲ.

ಇತಿ ನಿನ್ನ ತಂದೆ,
ಉಜ್ಜನಪ್ಪ